ಕರೆಂಟು ಹೋದಾಗ ಕೇಳಿಸುತ್ತಿದ್ದುದು

ಕಿವಿಯೊಳಗೆ ಬೆಳಕು ಬಿಟ್ಟರೆ ಏನೂ ಅನ್ನಿಸುವುದಿಲ್ಲ. ಬಿಸಿಯಿಲ್ಲ, ತಂಪಿಲ್ಲ, ಚುಚ್ಚುವುದಿಲ್ಲ, ಕಚಗುಳಿಯೂ ಇಲ್ಲ. ತುದಿಗೆ ಮೆತ್ತನೆಯ ರಬ್ಬರು ಹಾಕಿದ ಸಣ್ಣ ನಳಿಗೆಯನ್ನು ಕಿವಿಯ ತೂತಿಗೆ ಕೂರಿಸಿ, ಕಣ್ಣಿಗೆ ಹಸಿರು ಕನ್ನಡಕ ಏರಿಸಿ, "ಇಪ್ಪತ್ತು ನಿಮಿಷ ಅಲ್ಲಾಡ್ಬೇಡಿ ಅಂಕಲ್" ಎಂದು ಹೇಳಿ ಹುಡುಗಿ ಹೊರಗೆ ಹೋಗುತ್ತಾಳೆ. ಒಳಗೆ ಬೀಳುತ್ತಿರುವುದು ಕೆಂಪು ಬೆಳಕು. 650 ನ್ಯಾನೋಮೀಟರ್ ಅಲೆಯುದ್ದ, 5 ಮಿಲಿವ್ಯಾಟ್ ಶಕ್ತಿ. ಸಭೆಗಳಲ್ಲಿ ಪರದೆಯ ಮೇಲೆ ಚುಕ್ಕಿ ತೋರಿಸಲು ಭಾಷಣಕಾರರು ಹಿಡಿದುಕೊಳ್ಳುವ ಪೆನ್ನಿನ ಲೇಸರೂ ಹೆಚ್ಚುಕಡಿಮೆ ಅಷ್ಟೇ. ಅಂಥದ್ದಕ್ಕೆ ನಾನು ಪಿಂಚಣಿಯ ಹಣ ಸುರಿದೆನೆಂದು ತಿಳಿದಾಗ ನನ್ನ ತಮ್ಮ ನಕ್ಕ. ನಗಲಿ. ಅವನ ಕಿವಿ ಸುಮ್ಮನಿದೆ.

ನನ್ನದು ಸುಮ್ಮನಿರುವುದಿಲ್ಲ. ಹಳೆಯ ಟ್ಯೂಬ್‌ಲೈಟಿನ ಚೋಕು ಕೆಡುವ ಮುಂಚೆ ಕುಯ್ಗುಡುತ್ತದಲ್ಲ, ಅದೇ ಸದ್ದು, ಹಗಲೂ ರಾತ್ರಿ. ಎಡಗಿವಿಯಲ್ಲಿ ಜಾಸ್ತಿ. ಬ್ಯಾಂಕಿನ ಕೌಂಟರಿನಲ್ಲಿದ್ದಷ್ಟು ಕಾಲ ಜನರ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಅದೂ ನಾನೂ ಮುಖಾಮುಖಿಯಾದೆವು. ಮಗಳು ಎಲ್ಲೋ ಲೇಸರ್ ಚಿಕಿತ್ಸೆಯ ವಿಷಯ ಕೇಳಿಕೊಂಡು ಬಂದು ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಲೇಸರಿಗೂ ಮೊದಲು ಅಲ್ಲಿ ಹೊರಗಿನ ಶಬ್ದ ನುಗ್ಗದ ಗೂಡೊಂದರಲ್ಲಿ ಕೂರಿಸಿ ಶ್ರವಣ ಪರೀಕ್ಷೆ ಮಾಡಿದರು. ಹೆಡ್‌ಫೋನಿನಲ್ಲಿ ಸಣ್ಣ ಸ್ವರ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಅವರು ಕಳಿಸಿದ ಸ್ವರ ಯಾವುದು, ನನ್ನ ಕಿವಿಯೇ ಹುಟ್ಟಿಸಿಕೊಂಡದ್ದು ಯಾವುದು ಎಂದು ಗೊತ್ತಾಗದೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಒದ್ದಾಡಿದೆ. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಗೆರೆಯೊಂದು 250, 500, 1000 ಹರ್ಟ್ಸ್‌ವರೆಗೆ ಮೇಲೆಯೇ ಓಡಿ, 2000 ದಾಟಿದ ಮೇಲೆ ಜಾರಿ, 4000ದ ಹತ್ತಿರ ತಳ ಮುಟ್ಟಿ, 8000ದ ಕಡೆಗೆ ಮತ್ತೆ ತುಸು ಹತ್ತಿತ್ತು. ವೈದ್ಯೆ ಆ ತಗ್ಗಿನ ಮೇಲೆ ಪೆನ್ನು ಇಟ್ಟು ಕೇಳಿದರು:

"ಮಿಲಿಟರೀಲಿದ್ರಾ?"

"ಇಲ್ಲಮ್ಮ, ಬ್ಯಾಂಕು."

"ಅದಕ್ಕೂ ಮುಂಚೆ?"

"ದೊಡ್ಡಬಳ್ಳಾಪುರ," ಎಂದೆ. ಕೆಲಸ ಕೇಳಿದರೆ ಊರು ಹೇಳಿದ್ದೆ. ಆಕೆಗೆ ಅಷ್ಟೇ ಸಾಕಾಯಿತು. "ಪವರ್‌ಲೂಮಾ?" ಎಂದರು.

ವಯಸ್ಸಿಗೆ ಕಿವಿ ಮಂದವಾದರೆ ಗೆರೆ ಕೊನೆಯವರೆಗೂ ಇಳಿಯುತ್ತಲೇ ಹೋಗುತ್ತದಂತೆ. ಶಬ್ದದ ಏಟು ತಿಂದ ಕಿವಿಯಲ್ಲಿ ಮಾತ್ರ ಮೊದಲು ಕುಸಿಯುವುದು ಆ 4000ದ ಜಾಗ. ಐದಾರು ವರ್ಷ ಮಾಡಿ ಬಿಟ್ಟ ಕೆಲಸ. ಅರ್ಜಿಗಳಲ್ಲಿ ಎಲ್ಲೂ ಬರೆಯದಿದ್ದದ್ದು, ಮದುವೆಯ ಮಾತುಕತೆಯಲ್ಲಿ ಮನೆಯವರು ಜಾಣತನದಿಂದ ಬಿಟ್ಟಿದ್ದದ್ದು. ಆ ಕಾಗದ ಅದನ್ನು ಆಡಿಬಿಟ್ಟಿತು.

ಪಿ.ಯು.ಸಿ. ಮುಗಿಸಿ ಕೆಲಸ ಸಿಗದೆ ಅಲೆಯುತ್ತಿದ್ದ ಎಂಬತ್ತರ ದಶಕದ ಆರಂಭ. ಸೋದರಮಾವ ಒಬ್ಬ ಮಾಲೀಕರ ಶೆಡ್ಡಿಗೆ ಸೇರಿಸಿದ. ಮನೆ ಬೀದಿಗೆ, ಶೆಡ್ಡು ಹಿತ್ತಿಲಿಗೆ, ನಡುವೆ ಒಂದೇ ಗೋಡೆ. ಗಾರೆ ಕಾಣದ ಇಟ್ಟಿಗೆ, ಮೇಲೆ ಸಿಮೆಂಟು ಶೀಟು, ಕೆಳಗೆ ಎಂಟು ಮಗ್ಗ. ಒಳಗೆ ಹುಟ್ಟಿದ ಸದ್ದು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲಲ್ಲೇ ಅಪ್ಪಳಿಸುತ್ತಿತ್ತು. ಲಾಳಿ ಎಂದರೆ ಎರಡೂ ತುದಿಗೆ ಲೋಹದ ಮೂತಿ ಕೂರಿಸಿದ ಮರದ ತುಂಡು, ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ. ಎಮ್ಮೆ ಚರ್ಮದ ಪಿಕ್ಕರು ಅದನ್ನು ಒದ್ದು ಈ ಕಡೆಯ ಪೆಟ್ಟಿಗೆಯಿಂದ ಆ ಕಡೆಗೆ ಅಟ್ಟುತ್ತದೆ. ಅಲ್ಲಿ ಇನ್ನೊಂದು ಒದೆ, ವಾಪಸು. ಒದೆತ, ತಡೆತ, ಆಮೇಲೆ ಹಣಿಗೆ ಬಂದು ಹೊಕ್ಕಿನ ನೂಲನ್ನು ಬಡಿಯುವುದು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಎಂಟು ಮಗ್ಗಗಳಲ್ಲಿ ಒಂದರ ತಾಳಕ್ಕೆ ಇನ್ನೊಂದು ಇಲ್ಲ. ನೇಕಾರರ ಬೀದಿಗೆ ಬಂದುಹೋದವರು ಮಗ್ಗದ ಸದ್ದನ್ನು ಸಂಗೀತವೆಂದು ಬರೆದದ್ದನ್ನು ಎಷ್ಟೋ ಕಡೆ ಓದಿದ್ದೇನೆ. ಹತ್ತು ನಿಮಿಷ ನಿಂತು ಟೀ ಕುಡಿದು ಹೋಗುವವರಿಗೆ ಹಾಗೆ ಕೇಳಿಸಿದ್ದರೂ ಕೇಳಿಸಿರಬಹುದು.

ಇಂಥ ಶೆಡ್ಡುಗಳಲ್ಲಿ ಶಬ್ದ 100 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ 8 ಗಂಟೆ ದುಡಿಯುವವನ ಕಿವಿಗೆ 85 ಡೆಸಿಬೆಲ್ ಮಿತಿ, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೂ ನಿಲ್ಲಬಹುದಾದ ಹೊತ್ತು ಅರ್ಧ ಎನ್ನುವುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಬ್ಯಾಂಕಿನವನಾದ್ದರಿಂದ ಕೂತು ಗುಣಿಸಿದೆ: 100ಕ್ಕೆ ಹದಿನೈದು ನಿಮಿಷ. ನಾವು ಬೆಳಿಗ್ಗೆ ಬಂದರೆ ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲುತ್ತಿದ್ದೆವು, ಹಬ್ಬದ ಸೀಸನ್ನಿನಲ್ಲಿ ರಾತ್ರಿಯೂ. ಭಾರತದ ನಿಯಮದಲ್ಲಿ 8 ಗಂಟೆಗೆ 90 ಡೆಸಿಬೆಲ್ ಎಂದಿತ್ತು. 1948ರ ಕಾರ್ಖಾನೆ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಶಬ್ದದಿಂದಾಗುವ ಕಿವುಡು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿತ್ತು. ಆದರೆ ಆ ಕಾಯಿದೆಯ ಪ್ರಕಾರ ವಿದ್ಯುತ್ತಿನಿಂದ ನಡೆಯುವ ಜಾಗ ಕಾರ್ಖಾನೆ ಎನಿಸಿಕೊಳ್ಳಬೇಕಾದರೆ ಹತ್ತು ಜನ ಕೆಲಸಗಾರರಿರಬೇಕಿತ್ತು. ನಮ್ಮ ಶೆಡ್ಡಿನಲ್ಲಿ ಅಷ್ಟು ಜನ ಇರಲಿಲ್ಲ. ಪಕ್ಕದ ಶೆಡ್ಡಿನಲ್ಲೂ ಇರಲಿಲ್ಲ, ಅದರ ಪಕ್ಕದ್ದರಲ್ಲೂ ಇರಲಿಲ್ಲ. ಇಡೀ ಬೀದಿಯೇ ಒಂದು ಕಾರ್ಖಾನೆಯಷ್ಟು ಸದ್ದು ಮಾಡುತ್ತಿತ್ತು. ಕಾನೂನಿನ ಕಣ್ಣಿಗೆ ಅಲ್ಲಿ ಬರೀ ಮನೆಗಳಿದ್ದವು.

ಮಗ್ಗ ನಡೆಯುವಾಗ ಬಾಯಿಮಾತು ಕೆಲಸಕ್ಕೆ ಬರುವುದಿಲ್ಲ. ಕಿರುಬೆರಳು ಕೊಕ್ಕೆ ಮಾಡಿದರೆ ಎಳೆ ಕಿತ್ತಿದೆ ಎಂದು. ಹೆಬ್ಬೆರಳು ಬಾಯಿಗೆ ಹೋದರೆ ಟೀ. ಇಲ್ಲದ ಮೀಸೆ ತಿರುವಿದರೆ ಮಾಲೀಕರು ಬರುತ್ತಿದ್ದಾರೆ. ತುಟಿಯಾಡಿಸಿದ್ದನ್ನು ಅಷ್ಟು ದೂರದಿಂದ ಓದುವುದು ತಿಂಗಳೊಪ್ಪತ್ತಿನಲ್ಲಿ ಬರುತ್ತಿತ್ತು. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳಲ್ಲೂ ಹೆಂಗಸರು ಹೀಗೇ ತುಟಿ ದೊಡ್ಡದಾಗಿ ಆಡಿಸಿ ಮಾತಾಡಿಕೊಳ್ಳುತ್ತಿದ್ದರಂತೆ, ಅದಕ್ಕೆ ಮೀ-ಮಾಯಿಂಗ್ ಎಂಬ ಹೆಸರೇ ಇತ್ತಂತೆ. ನಮ್ಮದಕ್ಕೆ ಹೆಸರಿರಲಿಲ್ಲ. ಬೀದಿಯಲ್ಲಿ ಮದುವೆ ಊಟಕ್ಕೆ ಕೂತಾಗಲೂ ನಮ್ಮವರು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೈಯಲ್ಲೇ ಸಾರು ಕೇಳುತ್ತಿದ್ದರು. ಊರ ಹೊರಗಿನ ನೆಂಟರು ನಮ್ಮನ್ನು ಗಟ್ಟಿಬಾಯಿಯವರು, ಒರಟರು, ಕರೆದರೆ ತಿರುಗದ ಜಂಬದವರು ಎನ್ನುತ್ತಿದ್ದರು. ಒಂದು ಊರಿನ ಸ್ವಭಾವ ಎಂದು ಎಲ್ಲರೂ ನಂಬಿದ್ದ ಮಾತು ಅದು, ನಮ್ಮೂರಿನವರೂ ನಂಬಿದ್ದರು. ಈಗ ಆ ಶ್ರವಣ ಪರೀಕ್ಷೆಯ ನಕ್ಷೆ ನೋಡಿದ ಮೇಲೆ, ಅದರಲ್ಲಿ ಸ್ವಭಾವ ಎಷ್ಟು, ಕಿವಿ ಎಷ್ಟು ಎಂದು ಯೋಚಿಸುತ್ತೇನೆ. 4000 ಹರ್ಟ್ಸ್ ಹತ್ತಿರದ ಸ್ವರಗಳು ಹೋದವನಿಗೆ ಮಾತು ಕೇಳುತ್ತದೆ, ಬಿಡಿಸಿ ತಿಳಿಯುವುದಿಲ್ಲ. ಸಕಾರ, ಶಕಾರ, ತಕಾರಗಳು ಉದುರಿ ಹೋಗಿರುತ್ತವೆ. ಎರಡು ಸಲ ಹೇಳಿಸಿಕೊಂಡು ಮೂರನೆಯ ಸಲ ಸಿಡುಕುತ್ತಾನೆ. ಬ್ಯಾಂಕಿನಲ್ಲಿ ನನ್ನ ಮೇಲೂ ಅಂಥ ದೂರುಗಳು ಹೋಗಿದ್ದವು.

ಹದಿನೆಂಟನೆಯ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ ವೆನಿಸ್ಸಿನ ತಾಮ್ರದ ಕೆಲಸದವರ ಬಗ್ಗೆ ಬರೆದಿಟ್ಟಿದ್ದಾನೆ: ಒಂದೇ ಕೇರಿಯಲ್ಲಿ ಒಟ್ಟಿಗೆ ಇರುತ್ತಾರೆ, ದಿನವಿಡೀ ಬಡಿಯುತ್ತಾರೆ, ಕಿವಿ ಮಂದವಾಗಿ ಮುಪ್ಪಿನಲ್ಲಿ ಪೂರಾ ಕಿವುಡಾಗುತ್ತಾರೆ ಎಂದು. ಅಷ್ಟು ಹಳೆಯ ತಿಳಿವಳಿಕೆ ನಮ್ಮ ಬೀದಿಯವರೆಗೆ ಬರಲಿಲ್ಲ.

ಶೆಡ್ಡಿನ ಬಾಗಿಲ ಹತ್ತಿರ ಕಂಡಿಕೆ ಸುತ್ತುವ ಅಕ್ಕ ಕೂರುತ್ತಿದ್ದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಗಂಡ ಬಿಟ್ಟುಹೋಗಿದ್ದ, ಮಗುವಿತ್ತು. ಕೈ ನೂಲಿನ ಮೇಲೆ, ತುಟಿ ಮಾತ್ರ ಸದಾ ಆಡುತ್ತಿತ್ತು. ಹಾಡುತ್ತಿದ್ದಳು. ತುಟಿ ಓದುವುದರಲ್ಲಿ ಪಳಗಿದ ನಮಗೂ ಅವಳ ಹಾಡು ಓದಲಾಗುತ್ತಿರಲಿಲ್ಲ, ಏಕೆಂದರೆ ಹಾಡುವಾಗ ತಲೆ ಬಗ್ಗಿಸಿಕೊಂಡಿರುತ್ತಿದ್ದಳು. ಕರೆಂಟು ಹೋದ ಕ್ಷಣಕ್ಕೆ ಹಾಡು ನಿಲ್ಲಿಸುತ್ತಿದ್ದಳು. "ಈಗ ಹಾಡಕ್ಕ, ಕೇಳ್ತೀವಿ" ಅಂದರೆ "ಥೂ, ನಿಮ್ಗ್ಯಾಕ್ರೋ" ಎಂದು ಎದ್ದು ಹೋಗುತ್ತಿದ್ದಳು. ಅವಳ ಮಗುವೂ ಮಾಲೀಕರ ಮಗುವೂ ನಡುಮನೆಯ ತೊಲೆಗೆ ಕಟ್ಟಿದ ಎರಡು ತೊಟ್ಟಿಲುಗಳಲ್ಲಿ ಮಲಗುತ್ತಿದ್ದವು. ಮಗ್ಗ ಓಡುತ್ತಿದ್ದರೆ ಗಾಢ ನಿದ್ದೆ. ಕರೆಂಟು ಹೋಯಿತೋ, ಎರಡೂ ಬೆಚ್ಚಿ ಎದ್ದು ರಾಗ ತೆಗೆಯುತ್ತಿದ್ದವು.

ಕರೆಂಟು ಹೋಗುವುದೇನೂ ಅಪರೂಪವಲ್ಲ. ಮಲೆನಾಡಿನಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿಯಲ್ಲಿ ನೀರು ಇಳಿದರೆ ನಮ್ಮ ಬೀದಿಯ ಕಿವಿಗಳಿಗೆ ರಜೆ. ಕೂಲಿ ಸೀರೆಯ ಲೆಕ್ಕದ್ದಾದ್ದರಿಂದ ಹೊಟ್ಟೆಗೆ ಅದು ರಜೆಯಲ್ಲ, ಬೇರೆ ಮಾತು. ಎಂಟು ಮಗ್ಗವೂ ಒಟ್ಟಿಗೆ ನಿಂತಾಗ ಮೊದಲು ತಲೆ ಹಗುರಾದ ಹಾಗಾಗುತ್ತಿತ್ತು. ಆಮೇಲೆ, ನಿಧಾನಕ್ಕೆ, ಆ ಸಣ್ಣ ಕುಯ್. ಮೌನ ಅಂದರೆ ಹೀಗೇ ಕೇಳಿಸುತ್ತದೆ, ಎಲ್ಲರಿಗೂ ಇದೇ ಕೇಳಿಸುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅದು ಪೂರ್ತಿ ತಪ್ಪೂ ಅಲ್ಲವೆಂದು ಈಗ ಓದಿ ತಿಳಿದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಕಿವಿ ಚೆನ್ನಾಗಿದ್ದ 80 ಜನರನ್ನು ನಿಶ್ಶಬ್ದದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಮಂದಿ ಏನಾದರೊಂದು ಸದ್ದು ಕೇಳಿಸಿತೆಂದು ಬರೆದುಕೊಟ್ಟರು. ಅವರದ್ದು ಹೊರಗೆ ಬಂದರೆ ಹೋಗುತ್ತದೆ. ನಮ್ಮದು ಹೋಗುವುದನ್ನು ಒಂದು ದಿನ ನಿಲ್ಲಿಸಿತು.

ಶೆಡ್ಡಿನ ಮೇಸ್ತ್ರಿಗೆ ಹೇಳಿದೆ. ಅವರು ಬೀಡಿ ಬಾಯಿಂದ ತೆಗೆಯದೆ ಅಂದರು: "ಮಗ್ಗ ನಿಂತ್ರೂ ಬಡ್ಡಿ ಓಡ್ತಾ ಇರ್ತದೆ ಕಣ್ಲಾ."

ಆ ಮಾತಿಗೆ ಶೆಡ್ಡೇ ನಕ್ಕಿತು. ಸಾಲವಿಲ್ಲದವರು ಅಲ್ಲಿ ಯಾರಿದ್ದರು? ಮೊದಮೊದಲು ರಾತ್ರಿ ಮಲಗೆದ್ದರೆ ಕಿವಿ ಸರಿಹೋಗುತ್ತಿತ್ತು, ಅಂದರೆ ಬಡ್ಡಿ ತೀರಿತೆಂದು ನಾವು ನಂಬಿದೆವು. 2009ರಲ್ಲಿ ಹಾರ್ವರ್ಡಿನ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಿಗೆ ಎರಡು ಗಂಟೆ 100 ಡೆಸಿಬೆಲ್ ಶಬ್ದ ಕೇಳಿಸಿ ನೋಡಿದರು. ಕೆಲವು ದಿನ, ವಾರಗಳಲ್ಲಿ ಇಲಿಗಳಿಗೆ ಮೊದಲಿನಷ್ಟೇ ಸಣ್ಣ ಸದ್ದೂ ಕೇಳತೊಡಗಿತು. ಆದರೆ ಕಿವಿಯಿಂದ ನರಕ್ಕೆ ಸುದ್ದಿ ದಾಟಿಸುವ ಬೆಸುಗೆಗಳಲ್ಲಿ, ಕೆಲವು ಭಾಗಗಳಲ್ಲಿ, ಅರ್ಧದಷ್ಟು ಕಡಿದುಹೋಗಿದ್ದವು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಮೇಸ್ತ್ರಿಯ ಲೆಕ್ಕ ಒಟ್ಟಾರೆ ಸರಿಯಿತ್ತು.

ಆ ಮನುಷ್ಯನ ಬಗ್ಗೆ ಬರೆಯುವುದು ಸುಲಭವಲ್ಲ. ಉದ್ದನೆಯ ಆಳು, ಚೌಕಳಿ ಲುಂಗಿ, ಖಾಕಿ ಅಂಗಿ, ಜೇಬಿನಲ್ಲಿ ಸ್ಪ್ಯಾನರು. ಮಗ್ಗ ಕೆಟ್ಟರೆ ಬಿಚ್ಚಿ ನೋಡುತ್ತಿರಲಿಲ್ಲ, ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಮೂರ್ನೇದ್ರಲ್ಲಿ ಲಾಳಿ ತಡ ಮಾಡ್ತಾ ಇದೆ. ಪಿಕ್ಕರ್ ಸವೆದೈತೆ, ಎಡಗಡೇದು." ಹೋಗಿ ನೋಡಿದರೆ ಎಡಗಡೆಯದ್ದೇ. ಆ ಗದ್ದಲದಲ್ಲಿ ಒಂದು ಮಗ್ಗದ ಒಂದು ಬದಿಯ ತಪ್ಪು ಹೆಜ್ಜೆಯನ್ನು ಹೆಕ್ಕುವ ಆ ಕಿವಿಗೆ ನಾನು ಮಾರುಹೋಗಿದ್ದೆ. ಮಗ್ಗ ಬಿಚ್ಚಿ ಕೂಡಿಸುವುದನ್ನು ನನಗೆ ಕಲಿಸಿದವರು ಅವರು. ಬ್ಯಾಂಕಿನ ಪರೀಕ್ಷೆಗೆ ಫೀಸು ಕಟ್ಟಲು ಮಾಲೀಕರ ಹತ್ತಿರ ಮುಂಗಡ ಕೊಡಿಸಿದವರೂ ಅವರೇ. "ಇಲ್ಲಿಂದ ಹೋಗ್ಲಾ, ಇದೊಂದು ಬದುಕಲ್ಲ" ಎಂದು ಗದರಿದವರೂ ಅವರೇ.

ನನ್ನ ಜತೆಗೆ ಸೇರಿದ್ದ ಹುಡುಗನೊಬ್ಬ ಒಂದು ದಿನ ಕಿವಿಗೆ ಹತ್ತಿ ತುರುಕಿಕೊಂಡು ಬಂದ. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎಳೆದು ತೆಗೆದು ಎಲ್ಲರಿಗೂ ತೋರಿಸಿದರು. "ಬಾಣಂತಿ ಬಂದವ್ಳೆ ನೋಡ್ರೋ!" ಅಂದರು. ಕಿವಿ ಕಟ್ಟಿಕೊಂಡವನು ಮಗ್ಗ ಕೇಳಲಾರ, ಮಗ್ಗ ಕೇಳದವನು ಮೇಸ್ತ್ರಿಯಾಗಲಾರ ಎನ್ನುವುದು ಅವರ ಪಾಠ. ಅದರಲ್ಲಿ ಕಸುಬಿನ ನಿಜ ಒಂದಿಷ್ಟಿತ್ತು. ಅವರಿಗೆ ಕಿವಿಯೇ ಉಪಕರಣ. ಆದರೆ ಹುಡುಗರು ಹಲವರು, ಮೇಸ್ತ್ರಿಯಾಗುವವನು ಒಬ್ಬ. ಉಳಿದವರ ಕಿವಿ ಯಾವ ಪಾಠಕ್ಕೆ ಹೋಯಿತು? ಅವರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ನೋವನ್ನು ಗಂಡಸುತನ ಮಾಡಿ ಹಂಚುವ ಗುರುಗಳ ಬಗ್ಗೆ ಈಗ ನನಗೆ ಮೊದಲಿನ ಭಕ್ತಿಯಿಲ್ಲ. ಹತ್ತಿಯೂ ದೊಡ್ಡ ರಕ್ಷಣೆಯಲ್ಲ, ಒಣ ಹತ್ತಿ ತಡೆಯುವ ಸದ್ದು ಅತ್ಯಲ್ಪ. ಆ ಹುಡುಗನಿಗೆ ಅದರಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಅವಮಾನ ಮಾತ್ರ ಪೂರ್ತಿ ಕೆಲಸ ಮಾಡಿತು. ನಮ್ಮಲ್ಲಿ ಮತ್ತೆ ಯಾರೂ ಕಿವಿಗೆ ಏನನ್ನೂ ಇಟ್ಟುಕೊಳ್ಳಲಿಲ್ಲ.

ಕೊನೆಗಾಲದಲ್ಲಿ ಅವರನ್ನು ನೋಡಲು ಹೋದಾಗ ಅವರಿಗೆ ಮಗ್ಗ ಕೇಳಿಸುತ್ತಿರಲಿಲ್ಲ. ಅಂಗೈಯನ್ನು ಮಗ್ಗದ ಕಬ್ಬಿಣದ ಚೌಕಟ್ಟಿನ ಮೇಲಿಟ್ಟು ನಡುಕದಿಂದ ದೋಷ ಹಿಡಿಯುತ್ತಿದ್ದರು. ಆಗಲೂ ಸರಿಯಾಗಿಯೇ ಹಿಡಿಯುತ್ತಿದ್ದರಂತೆ. ಹೆಂಡತಿಯ ಮಾತು ಮಾತ್ರ ಅಂಗೈಗೆ ಸಿಗುತ್ತಿರಲಿಲ್ಲ. "ನಮ್ಮನೇಲಿ ಮಾತು ನಿಂತು ಎಷ್ಟು ವರ್ಷ ಆಯ್ತೋ" ಎಂದು ಆಕೆ ನನ್ನ ಹತ್ತಿರ ಹೇಳಿದರು, ಅವರ ಎದುರಿಗೇ, ದನಿ ತಗ್ಗಿಸದೆ. ಮಾಲೀಕರದೂ ಹೆಚ್ಚುಕಡಿಮೆ ಅದೇ ಕಥೆ. ಅವರನ್ನು ಖಳನಾಯಕ ಮಾಡಲು ನನಗೆ ಮನಸ್ಸು ಬಾರದು. ಅವರ ಮಂಚ ಶೆಡ್ಡಿನ ಗೋಡೆಗೆ ಒತ್ತಿಕೊಂಡೇ ಇತ್ತು.

ಲೇಸರಿಗೆ ಬರುತ್ತೇನೆ. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಹೊಳೆಯಿಸಿದ. ಏಳು ವರ್ಷದ ನಂತರ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ಇದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ತಿಳಿಯಲು ಇಲಿಗಳ ಬೆನ್ನು ಬೋಳಿಸಿ ಸಣ್ಣ ಶಕ್ತಿಯ ಕೆಂಪು ಲೇಸರ್ ಬಿಟ್ಟು ನೋಡಿದ. ಕ್ಯಾನ್ಸರ್ ಬರಲಿಲ್ಲ, ಬೋಳಿಸಿದ ಕಡೆ ಕೂದಲು ಬೇಗ ಬೆಳೆಯಿತು. ಈ ಚಿಕಿತ್ಸೆ ಹುಟ್ಟಿದ್ದು ಹಾಗೆ. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾದಲ್ಲಿ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಂಡು ಚುರುಕಾಗುತ್ತದೆ, ಸೊರಗಿದ ಕೋಶ ಚೇತರಿಸಿಕೊಳ್ಳುತ್ತದೆ ಎನ್ನುವುದು ವಾದ. ಗಾಯ, ಮಂಡಿ ನೋವು, ಬಾಯಿ ಹುಣ್ಣು ಎಂದು ಅದು ಎಲ್ಲೆಲ್ಲೋ ತಿರುಗಿ ಕಿವಿಗೂ ಬಂತು. ಕೊರಿಯಾದಲ್ಲಿ, ಜಪಾನಿನಲ್ಲಿ ಇಲಿಗಳ ಶಬ್ದಪೆಟ್ಟಿನ ಕಿವಿಗೆ ಲೇಸರ್ ಬಿಟ್ಟು ಫಲ ಕಂಡದ್ದೂ ಇದೆ. ಆದರೆ ಆ ಇಲಿಗಳಿಗೆ ಬೆಳಕು ಬಿಟ್ಟದ್ದು ಪೆಟ್ಟು ಬಿದ್ದ ಆಸುಪಾಸಿನ ದಿನಗಳಲ್ಲಿ. ನನ್ನ ಪೆಟ್ಟಿಗೆ ನಲವತ್ತು ವರ್ಷ ಮೀರಿದೆ.

ಮನುಷ್ಯನ ಒಳಗಿವಿಯಲ್ಲಿ ಶಬ್ದ ಹಿಡಿಯುವ ರೋಮಕೋಶಗಳು ಹದಿನೈದು ಸಾವಿರದಷ್ಟಿವೆ. ಸತ್ತದ್ದು ಸತ್ತಿತು, ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತದಂತೆ, ಎಂಬತ್ತರ ದಶಕದ ಕೊನೆಯಲ್ಲಿ ಅದು ಗೊತ್ತಾದಾಗ ವಿಜ್ಞಾನಿಗಳೇ ಬೆರಗಾದರು. ನಮ್ಮ ಬೀದಿಯಲ್ಲಿ ಶೆಡ್ಡಿನ ಬಾಗಿಲಲ್ಲೇ ಮೇಯುತ್ತಿದ್ದ ಕೋಳಿಗಳ ಕಿವಿ ನಮ್ಮದಕ್ಕಿಂತ ಚೆನ್ನಾಗಿತ್ತು ಅನ್ನಿ. ಇನ್ನು ಕುಯ್ಗುಟ್ಟುವಿಕೆ ಕಿವಿಯ ಮಟ್ಟದಲ್ಲೇ ಇರುವುದೂ ಅಲ್ಲ. ಕಿವಿಯಿಂದ ಬರಬೇಕಾದ ಸುದ್ದಿ ಬಾರದಾದಾಗ ಮಿದುಳು ತನ್ನ ಕೇಳುವ ಶಕ್ತಿಯನ್ನು ಏರಿಸಿಕೊಂಡು ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ ಎಂದು ಈಗ ಬಹಳ ಮಂದಿ ಹೇಳುತ್ತಾರೆ. ಶ್ರವಣ ನರವನ್ನೇ ಕತ್ತರಿಸಿದ ಮೇಲೂ ಎಷ್ಟೋ ರೋಗಿಗಳಿಗೆ ಸದ್ದು ಉಳಿದದ್ದುಂಟು. ಹಾಗಿರುವಾಗ ಕಿವಿಯಲ್ಲಿ ದೀಪ ಹಚ್ಚಿ ಏನು ಫಲ?

ಇದನ್ನೆಲ್ಲ ಮೊದಲೇ ಓದಿಕೊಂಡು ಹೋದವನಲ್ಲ. ಹಣ ಕಟ್ಟಿದ ಮೇಲೆ, ಸಂಜೆಗಳಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿ ಓದಿದೆ. ಇಟಲಿಯಲ್ಲಿ ತೆಗ್ಗಿ ಮತ್ತು ಸಂಗಡಿಗರು 60 ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆ ನನ್ನ ಕುರ್ಚಿಯದೇ ವರ್ಣನೆ: 650 ನ್ಯಾನೋಮೀಟರ್, 5 ಮಿಲಿವ್ಯಾಟ್, ದಿನಕ್ಕೆ 20 ನಿಮಿಷ, ಮೂರು ತಿಂಗಳು. ಕೆಲವರಿಗೆ ನಿಜವಾದ ಲೇಸರು, ಉಳಿದವರಿಗೆ ಸೋಗಿನದು. ಕೊನೆಗೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2002ರ ಜಪಾನಿನ ಪರೀಕ್ಷೆಯಲ್ಲೂ ಅಷ್ಟೇ. ಟರ್ಕಿಯ ಒಂದು ಪರೀಕ್ಷೆಯಲ್ಲಿ ಗುಣ ಕಂಡಿತೆಂದಿದೆ. ಕಿವಿಯ ಹಿಂಭಾಗದ ಮೂಳೆಯ ಮೇಲೆ ಬೆಳಕು ಬಿಡುವ ಪದ್ಧತಿಯೂ ಇದೆ. ಆ ಮೂಳೆ ದಾಟಿ ಒಳಗೆ ತಲಪುವ ಬೆಳಕು ಇಲ್ಲವೆನ್ನುವಷ್ಟು ಎಂದು ಮ್ಯೂನಿಕ್ಕಿನವರು ಅಳೆದು ಹೇಳಿದ್ದಾರೆ. ಕ್ಲಿನಿಕ್ಕಿನ ಗೋಡೆಯ ಬಣ್ಣದ ಹಾಳೆಯಲ್ಲಿ ಇದಾವುದೂ ಇರಲಿಲ್ಲ, ನಗುವ ಮುದುಕ ದಂಪತಿಗಳ ಚಿತ್ರವಿತ್ತು.

ಆದರೂ ಹೋಗುತ್ತಿದ್ದೆ. ಕಟ್ಟಿದ ಹಣ ವಾಪಸು ಕೊಡುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಆ ಕುರ್ಚಿಯ ಇಪ್ಪತ್ತು ನಿಮಿಷ ನನಗೆ ಬೇಕಾಗಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಕಿವಿಯನ್ನು ಯಾರೋ ಗಂಭೀರವಾಗಿ ತೆಗೆದುಕೊಂಡಿದ್ದರು. ಕಣ್ಣು ಮುಚ್ಚಿ ಕೂತರೆ ಶೆಡ್ಡು, ಅಕ್ಕನ ತುಟಿ, ತೊಟ್ಟಿಲು ಎಲ್ಲ ಸಾಲಾಗಿ ಬರುತ್ತಿದ್ದವು. ಮುಗಿದ ಮೇಲೆ ಹುಡುಗಿ ಒಂದು ಚೀಟಿ ಕೊಡುತ್ತಿದ್ದಳು: ಇವತ್ತು ಸದ್ದು ಹತ್ತಕ್ಕೆ ಎಷ್ಟು? ಏಳು, ಆರು, ಒಮ್ಮೊಮ್ಮೆ ಐದು ಎಂದು ಬರೆಯುತ್ತಿದ್ದೆ. ಇಳಿಯುತ್ತಿದೆ ಎಂದು ಮಗಳಿಗೆ ಖುಷಿ.

ಒಂದು ಮಧ್ಯಾಹ್ನ ನಾಲ್ಕು ಎಂದು ಬರೆದೆ, ಅಷ್ಟು ಹಗುರಾಗಿತ್ತು. ಚೀಟಿ ನೋಡಿ ಹುಡುಗಿ ಕೆಂಪಾದಳು. "ಅಂಕಲ್, ಸಾರಿ... ನೀವು ಕೂತ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಗಿತ್ತು. ಮಷೀನು ಯು.ಪಿ.ಎಸ್.ಗೆ ಕೊಟ್ಟಿಲ್ಲ. ನಾನು ಬೇರೆ ಪೇಶೆಂಟ್ ಹತ್ರ ಇದ್ದೆ, ನೋಡಿಲ್ಲ. ಇನ್ನೊಂದ್ಸಲ ಹಾಕ್ಲಾ?"

ಬೇಡವೆಂದೆ. ಸಿಟ್ಟು ಬರಬೇಕಿತ್ತು, ನಗು ಬಂತು. ಅವಳಿಗೆ ಅದು ಅರ್ಥವಾಗಲಿಲ್ಲ, ಹೇಳಿ ತಿಳಿಸುವಷ್ಟು ಚಿಕ್ಕ ಕಥೆಯೂ ಅಲ್ಲ. ಉಳಿದ ಸರದಿಗಳನ್ನೂ ಮುಗಿಸಿದೆ, ಬೆಳಕಿನ ಮೇಲೆ ಆಸೆ ಇಟ್ಟುಕೊಳ್ಳದೆ. ಮುಗಿದು ತಿಂಗಳಾಗುವಷ್ಟರಲ್ಲಿ ಸದ್ದು ಹಳೆಯ ಏಳಕ್ಕೆ ಬಂದು ನಿಂತಿತು. ಮತ್ತೊಮ್ಮೆ ಮಾಡಿದ ಪರೀಕ್ಷೆಯಲ್ಲಿ ನಕ್ಷೆಯ ತಗ್ಗು ಇದ್ದಲ್ಲೇ ಇತ್ತು. ಅದೇ ವೈದ್ಯೆ ನಕ್ಷೆ ನೋಡಿ, ಮೊದಲೇ ಹೇಳಬಹುದಿದ್ದದ್ದನ್ನು ಆಗ ಹೇಳಿದರು: ಕಿವಿ ಮಷೀನು ಹಾಕಿಕೊಳ್ಳಿ. ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಅಕಾಡೆಮಿ 2014ರಲ್ಲಿ ಕೊಟ್ಟ ಸಲಹೆಗಳಲ್ಲೂ ಮುಖ್ಯವಾದವು ಎರಡೇ: ಶ್ರವಣ ಕುಂದಿದ್ದರೆ ಮಷೀನು, ಸದ್ದು ಕಾಡುತ್ತಿದ್ದರೆ ಅದರ ಜತೆ ಬದುಕುವ ಮನೋಚಿಕಿತ್ಸೆ. ಹಾಕಿಕೊಂಡೆ. ಹೊರಗಿನ ಸದ್ದು ಒಳಗೆ ಬಂದಷ್ಟೂ ಒಳಗಿನದು ಹಿಂದೆ ಸರಿಯುತ್ತದೆ. ಹೆಂಡತಿ ಗೊಣಗುವುದು ಪೂರ್ತಿ ಕೇಳಿಸುತ್ತದೆ, ಅದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮಷೀನು ಹಾಕಿಕೊಂಡೇ ಊರಿಗೆ ಹೋದೆ. ಬೀದಿ ಈಗ ಅರ್ಧ ಸುಮ್ಮನಿದೆ. ಸೂರತ್ತಿನ ಅಗ್ಗದ ಸೀರೆ ಬಂದು ಎಷ್ಟೋ ಶೆಡ್ಡುಗಳು ಮುಚ್ಚಿವೆ, ಮಗ್ಗಗಳು ಗುಜರಿಗೆ ಹೋಗಿವೆ. ಕೈಲಾದವರು ಲಾಳಿಯಿಲ್ಲದ ರೇಪಿಯರ್ ಮಗ್ಗ ಹಾಕಿಕೊಂಡಿದ್ದಾರೆ. ಕಂಡಿಕೆ ಅಕ್ಕನ ಮನೆಯಲ್ಲಿ ಇನ್ನೂ ಹಳೆಯ ಬಗೆಯವೇ ಎರಡು, ಅವಳ ಮೊಮ್ಮಗ ಓಡಿಸುತ್ತಾನೆ. ಅಕ್ಕನಿಗೆ ಎಪ್ಪತ್ತು ದಾಟಿದೆ. ಬಾಗಿಲಲ್ಲಿ ನನ್ನ ಗುರುತು ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು, ನಾನೂ ಕೂಗಿ ಉತ್ತರ ಕೊಟ್ಟೆ. ಲೇಸರಿನ ಕಥೆ ಅರ್ಧ ಕೈಯಲ್ಲಿ ಅರ್ಧ ಬಾಯಲ್ಲಿ ಹೇಳಿದೆ. ಕೈಸನ್ನೆ ಅವಳಿಗೂ ಮರೆತಿರಲಿಲ್ಲ.

"ಕಿವಿಗೆ ಬೆಳಕಾ? ಎಷ್ಟು ತಕಂಡ್ರು?"

ಹೇಳಿದೆ.

"ಅಯ್ಯೋ ನಿನ್ನ! ಅಷ್ಟು ದುಡ್ಡಲ್ಲಿ ಮನೆಗೆ ಶೀಟು ಹಾಕಿಸ್ಬೋದಿತ್ತಲ್ಲೋ." ಆಮೇಲೆ ದನಿ ಇಳಿಸದೆಯೇ, "ನಂಗೂ ಕುಯ್ ಅಂತದೆ. ರಾತ್ರಿ ಹೊತ್ತು. ಯಾರ್ ಹತ್ರ ಹೇಳಾದು?"

ಆಗೆಲ್ಲ ಏನು ಹಾಡುತ್ತಿದ್ದೆ ಎಂದು ಕೇಳಿದೆ. "ಸಿನಿಮಾದ್ದು, ದೇವರದ್ದು, ಗಂಡನ್ನ ಬೈಯ್ಯಾದು, ಎಲ್ಲಾನೂ," ಅಂದಳು. "ಯಾರ್ಗೂ ಕೇಳ್ಸಲ್ಲ ಅಂತಾನೇ ಹಾಡ್ತಿದ್ದಿದ್ದು."

ಒಳಗೆ ಮೊಮ್ಮಗ ಎರಡು ಮಗ್ಗದ ನಡುವೆ ನಿಂತಿದ್ದ. ಕಿವಿಯಲ್ಲಿ ಫೋನಿನ ಇಯರ್‌ಬಡ್ಸ್. ಆ ಹೊಡೆತದ ಮೇಲೂ ಹಾಡು ಕೇಳಬೇಕಾದರೆ ದನಿ ಎಷ್ಟಿಟ್ಟಿರಬೇಕು! ಬರುವಾಗ ಔಷಧಿ ಅಂಗಡಿಯಲ್ಲಿ ಕೊಂಡಿದ್ದ ಫೋಮಿನ ಇಯರ್‌ಪ್ಲಗ್ಗುಗಳ ಪೊಟ್ಟಣ ಕೊಟ್ಟೆ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ ಒಳಗೆ ತೂರಿಸಿ ಹಿಡಿದುಕೊಳ್ಳಬೇಕು, ಅದು ಉಬ್ಬಿ ತೂತು ಮುಚ್ಚುತ್ತದೆ, ಸರಿಯಾಗಿ ಕೂತರೆ ಇಪ್ಪತ್ತು ಡೆಸಿಬೆಲ್ ಆದರೂ ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟೆ. ಹುಡುಗ ಒಳ್ಳೆಯವನು, ನಾನು ಹೇಳಿದಂತೆಯೇ ಹೊಸೆದು ಹಾಕಿಕೊಂಡ. ಸ್ವಲ್ಪ ಹೊತ್ತು ಮಗ್ಗ ನೋಡುತ್ತ ನಿಂತ. ಆಮೇಲೆ ಒಂದನ್ನು ತೆಗೆದು, ನನ್ನ ಮಷೀನಿನ ಹತ್ತಿರ ಬಾಯಿ ತಂದು ಕೂಗಿದ:

"ಚೆನ್ನಾಗೈತೆ ತಾತ. ಆದ್ರೆ ಇದ್ರಲ್ಲಿ ಹಾಡು ಬರಲ್ವಲ್ಲ."